ಊರಿನ ನೀರು, ಊರಿನ ಧೂಳು ಮತ್ತು ಮನೆಯ ಹೀಟ್ ಪಂಪ್

ದಾವಣಗೆರೆಯ ನಮ್ಮ ಮನೆಯಲ್ಲಿ ಸ್ನಾನದ ನೀರು ಕಾಯಿಸಲು 200 ಲೀಟರಿನ ಹೀಟ್ ಪಂಪ್ ಇದೆ. ಅದೇ ಕಂಪನಿಯ, ಅದೇ ಅಳತೆಯ ಇನ್ನೊಂದು ಯಂತ್ರ ಚಿತ್ರದುರ್ಗದಲ್ಲಿ ತುರುವನೂರು ರಸ್ತೆಯ ಕಡೆಗಿರುವ ನಮ್ಮ ಅಕ್ಕನ ಮನೆಯಲ್ಲಿದೆ. ಎರಡರ ಜೊತೆಗೂ ಬಂದ ಕೈಪಿಡಿ ಒಂದೇ. ತಿಂಗಳಿಗೊಮ್ಮೆ ಫಿಲ್ಟರ್ ತೊಳೆಯಿರಿ, ವರ್ಷಕ್ಕೊಮ್ಮೆ ಆನೋಡ್ (ಟ್ಯಾಂಕನ್ನು ತುಕ್ಕಿನಿಂದ ಕಾಯುವ ಸರಳು) ಪರೀಕ್ಷಿಸಿ, ಉಳಿದದ್ದಕ್ಕೆ ನಮ್ಮ ತಂತ್ರಜ್ಞರನ್ನು ಕರೆಯಿರಿ ಎಂದು ಅದರ ಕೊನೆಯ ಪುಟಗಳಲ್ಲಿ ಬರೆದಿದೆ. ಎರಡೂ ಯಂತ್ರಗಳ ಉಸ್ತುವಾರಿ ನನ್ನ ಪಾಲಿಗೇ ಬಂದಿರುವುದರಿಂದ ಒಂದು ವಿಷಯ ನನಗೆ ಖಚಿತವಾಗಿದೆ: ಯಾವ ಕೆಲಸವನ್ನು ಎಷ್ಟು ದಿನಕ್ಕೊಮ್ಮೆ ಮಾಡಬೇಕೆಂಬುದನ್ನು ಕೈಪಿಡಿ ನೋಡಿ ತೀರ್ಮಾನಿಸಲಾಗದು, ಆ ಮನೆಗೆ ಬರುವ ನೀರನ್ನೂ ಆ ಮನೆಯ ಸುತ್ತ ಸುಳಿಯುವ ಗಾಳಿಯನ್ನೂ ನೋಡಿಯೇ ತೀರ್ಮಾನಿಸಬೇಕು. ದಾವಣಗೆರೆಯ ಯಂತ್ರಕ್ಕೆ ಗಾಳಿಯ ಕಡೆಯಿಂದ ತೊಂದರೆ ಹೆಚ್ಚು, ಚಿತ್ರದುರ್ಗದ ಯಂತ್ರಕ್ಕೆ ನೀರಿನ ಕಡೆಯಿಂದ.

ಈ ಯಂತ್ರವನ್ನು ಇನ್ನೂ ನೋಡದವರಿಗಾಗಿ ಅದರ ಕೆಲಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಓಡುತ್ತಿರುವ ಫ್ರಿಜ್ಜಿನ ಹಿಂಬದಿ ಬೆಚ್ಚಗಿರುವುದನ್ನು ಎಲ್ಲರೂ ಮುಟ್ಟಿ ನೋಡಿರುತ್ತಾರೆ; ಒಳಗಿನ ಶಾಖವನ್ನು ಎಳೆದು ಹೊರಗೆ ಚೆಲ್ಲುವ ಆ ವ್ಯವಸ್ಥೆಯೇ ಇಲ್ಲಿ ಸುತ್ತಲಿನ ಗಾಳಿಯಿಂದ ಶಾಖವನ್ನು ಎಳೆದು ಟ್ಯಾಂಕಿನ ನೀರಿಗೆ ಸೇರಿಸುತ್ತದೆ. ಫ್ಯಾನು ಗಾಳಿಯನ್ನು ಅಲ್ಯೂಮಿನಿಯಂ ರೆಕ್ಕೆಗಳ ನಡುವೆ ಹಾಯಿಸುತ್ತದೆ, ಆ ರೆಕ್ಕೆಗಳೊಳಗಿನ ತಾಮ್ರದ ಕೊಳವೆಯಲ್ಲಿರುವ ಗ್ಯಾಸು ಗಾಳಿಯ ಶಾಖವನ್ನು ಹೀರಿ ಆವಿಯಾಗುತ್ತದೆ, ಕಂಪ್ರೆಸರ್ ಅದನ್ನು ಒತ್ತಿ ಇನ್ನಷ್ಟು ಬಿಸಿ ಮಾಡುತ್ತದೆ, ಆ ಬಿಸಿ ನೀರಿಗೆ ಇಳಿದ ಮೇಲೆ ಗ್ಯಾಸು ಮತ್ತೆ ದ್ರವವಾಗಿ ಹಿಂತಿರುಗುತ್ತದೆ. ಹೀಗೆ ಶಾಖದ ಹೆಚ್ಚಿನ ಪಾಲು ಗಾಳಿಯಿಂದಲೇ ಬರುವುದರಿಂದ ಕರೆಂಟಿನ ಖರ್ಚು ಇಳಿಯುತ್ತದೆ. ಲೆಕ್ಕ ಬಹಳ ಸರಳವಾದದ್ದು: 200 ಲೀಟರ್ ನೀರನ್ನು 25 ಡಿಗ್ರಿಯಿಂದ 55 ಡಿಗ್ರಿಗೆ ಏರಿಸಲು ಸುಮಾರು 7 ಯೂನಿಟ್ಟಿನಷ್ಟು ಶಾಖ ಬೇಕು. ಕಾಯಿಲ್ ಇರುವ ಸಾಮಾನ್ಯ ಗೀಸರ್ ಅಷ್ಟನ್ನೂ ಮೀಟರಿನಿಂದಲೇ ಎಳೆಯುತ್ತದೆ, ಅಂದರೆ ತಿಂಗಳಿಗೆ 210 ಯೂನಿಟ್. ಸರಿಯಾಗಿ ಕೆಲಸ ಮಾಡುತ್ತಿರುವ ಹೀಟ್ ಪಂಪ್ ಅದರ ಮೂರನೆಯ ಒಂದು ಭಾಗದಲ್ಲಿ ಆ ಕೆಲಸ ಮುಗಿಸುತ್ತದೆ. ಗೃಹಜ್ಯೋತಿಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಾಗುವುದರಿಂದ, ಬೆಸ್ಕಾಂ ಗ್ರಾಹಕರಾದ ನಮ್ಮಂಥವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ಈ ಮೂರನೆಯ ಒಂದು ಭಾಗದ ಮಾತು ಯಂತ್ರ ಚೊಕ್ಕಟವಾಗಿದ್ದಾಗ ಮಾತ್ರ ನಿಜ. ಹೀಟ್ ಪಂಪಿನ ದೊಡ್ಡ ಅಪಾಯವೆಂದರೆ ಅದು ಕೆಡುತ್ತಾ ಬಂದರೂ ನೀರನ್ನು ಕಾಯಿಸುತ್ತಲೇ ಇರುತ್ತದೆ. ಎರಡೂವರೆ ಗಂಟೆ ಓಡಬೇಕಾದದ್ದು ನಾಲ್ಕು ಗಂಟೆ ಓಡುತ್ತದೆ, ಅದೂ ಸಾಲದಾದಾಗ ಒಳಗಿರುವ ಬ್ಯಾಕಪ್ ಕಾಯಿಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಬಚ್ಚಲಲ್ಲಿ ನಿಂತವನಿಗೆ ಇದಾವುದೂ ಗೊತ್ತಾಗುವುದಿಲ್ಲ. ಆದ್ದರಿಂದ ನಿರ್ವಹಣೆಯ ಮೊದಲ ಸಲಕರಣೆ ಸ್ಪ್ಯಾನರ್ ಅಲ್ಲ, ಮೀಟರು. ಎರಡೂ ಮನೆಗಳಲ್ಲಿ ಈ ಯಂತ್ರಕ್ಕಾಗಿಯೇ ಒಂದು ಚಿಕ್ಕ ಸಬ್‌ಮೀಟರ್ ಹಾಕಿಸಿದ್ದೇನೆ. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ 860ರಿಂದ ಭಾಗಿಸಿದರೆ ನೀರಿಗೆ ಸೇರಿದ ಶಾಖ ಯೂನಿಟ್ಟಿನಲ್ಲಿ ಸಿಗುತ್ತದೆ. ಅದನ್ನು ಸಬ್‌ಮೀಟರ್ ತೋರಿಸುವ ಯೂನಿಟ್ಟಿನಿಂದ ಭಾಗಿಸಿದರೆ ಯಂತ್ರದ ಆರೋಗ್ಯ ಒಂದೇ ಅಂಕಿಯಲ್ಲಿ ತಿಳಿಯುತ್ತದೆ. ಮೂರರ ಆಸುಪಾಸಿನಲ್ಲಿದ್ದರೆ ಸುಮ್ಮನಿರಬಹುದು, ಎರಡರ ಕಡೆಗೆ ಜಾರುತ್ತಿದ್ದರೆ ಎಲ್ಲೋ ಕೊಳೆ ಕಟ್ಟಿದೆ ಅಥವಾ ಏನೋ ಸೋರುತ್ತಿದೆ ಎಂದು ತಿಳಿಯಬೇಕು. ಚಳಿಗಾಲದಲ್ಲಿ ಗಾಳಿ ತಣ್ಣಗಿರುವುದರಿಂದ ಈ ಅಂಕಿ ಸಹಜವಾಗಿಯೇ ಇಳಿಯುತ್ತದೆ, ಹಾಗಾಗಿ ಡಿಸೆಂಬರನ್ನು ಏಪ್ರಿಲ್ ಜೊತೆಗಲ್ಲ, ಹಿಂದಿನ ಡಿಸೆಂಬರ್ ಜೊತೆಗೆ ಹೋಲಿಸಿ ನೋಡಬೇಕು. ಈ ಅಂಕಿಯನ್ನು ಅಡುಗೆಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಿಡುತ್ತೇನೆ.

ಈಗ ದಾವಣಗೆರೆಯ ಗಾಳಿಯ ವಿಷಯ. ನಮ್ಮೂರಿನ ಮಂಡಕ್ಕಿಗೆ ಎಷ್ಟು ಹೆಸರಿದೆಯೋ ಅದನ್ನು ಹುರಿಯುವ ಭಟ್ಟಿಗಳ ಹೊಗೆಯೂ ಅಷ್ಟೇ ದೂರ ಹೋಗುತ್ತದೆ. ಅವುಗಳಿಂದ ಬರುವ ಸಣ್ಣ ಕರಿ ಮಸಿ ಗಾಳಿ ಬೀಸಿದ ಕಡೆಯ ಬಡಾವಣೆಗಳ ತಾರಸಿಯ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ ಕುಳಿತಿರುವುದು ಇಲ್ಲಿಯವರಿಗೆ ಹೊಸದಲ್ಲ. ಅದರ ಜೊತೆಗೆ ಅಕ್ಕಿ ಗಿರಣಿಗಳ ತೌಡಿನ ಧೂಳು, ಮುಂಗಾರಿನ ಬೆಳೆ ಕೈಗೆ ಬಂದ ಮೇಲೆ ರಸ್ತೆಯ ಬದಿಯಲ್ಲೂ ಕಣದಲ್ಲೂ ಒಣಗಿಸಿ ತೂರುವ ಮೆಕ್ಕೆಜೋಳದ ಹೊಟ್ಟು. ತಿಂಗಳಿಗೊಮ್ಮೆ ಎಂದು ಕೈಪಿಡಿ ಹೇಳುವ ಫಿಲ್ಟರನ್ನು ಸುಗ್ಗಿಯ ದಿನಗಳಲ್ಲಿ ವಾರಕ್ಕೊಮ್ಮೆ ತೊಳೆಯದಿದ್ದರೆ ಇಲ್ಲಿ ನಡೆಯುವುದಿಲ್ಲ. ಫಿಲ್ಟರ್ ತೊಳೆಯುವುದೇನೂ ಕಷ್ಟವಲ್ಲ. ಜಾಲರಿಯನ್ನು ಎಳೆದು ತೆಗೆದು, ಧೂಳು ಕೂತ ಬದಿಯ ಹಿಂದಿನಿಂದ ನಲ್ಲಿಯ ನೀರು ಬಿಟ್ಟು, ಮಸಿಯ ಜಿಡ್ಡು ಇದ್ದರೆ ಸ್ವಲ್ಪ ಪಾತ್ರೆ ತೊಳೆಯುವ ಸೋಪಿನ ನೀರಲ್ಲಿ ನೆನೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ ಮತ್ತೆ ಕೂರಿಸಿದರೆ ಆಯಿತು. ಬಿಸಿಲಿಗೆ ಇಟ್ಟರೆ ಪ್ಲಾಸ್ಟಿಕ್ ಚೌಕಟ್ಟು ಸೊಟ್ಟಗಾಗಿ ಬದಿಯಲ್ಲಿ ಸಂದು ಬಿಡುತ್ತದೆ, ಆ ಸಂದಿನಿಂದ ನುಗ್ಗುವ ಧೂಳು ನೇರವಾಗಿ ರೆಕ್ಕೆಗಳಿಗೆ ಹೋಗಿ ಕೂರುತ್ತದೆ.

ನಿಜವಾದ ಕೆಲಸ ಇರುವುದು ಆ ರೆಕ್ಕೆಗಳಲ್ಲಿ. ಪಕ್ಕದ ಮುಚ್ಚಳದ ಸ್ಕ್ರೂ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ, ಹತ್ತನೆಯ ಒಂದು ಮಿಲಿಮೀಟರಿನಷ್ಟು ತೆಳ್ಳಗಿನ ಅಲ್ಯೂಮಿನಿಯಂ ಹಾಳೆಗಳು ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಅವುಗಳ ನಡುವಿನ ಸಂದು ಒಂದೆರಡು ಮಿಲಿಮೀಟರಿಗಿಂತ ಹೆಚ್ಚಿರುವುದಿಲ್ಲ. ಕೊಳೆ ಕಟ್ಟಿದಾಗ ಅಲ್ಲಿ ಕಾಣುವುದು ಬರೀ ಧೂಳಲ್ಲ. ಯಂತ್ರ ಓಡುವಾಗ ರೆಕ್ಕೆಗಳ ಮೇಲೆ ಗಾಳಿಯ ತೇವ ಹನಿಯಾಗಿ ಇಳಿಯುವುದರಿಂದ ಧೂಳು, ಮಸಿ, ಹೊಟ್ಟು ಎಲ್ಲವೂ ಸೇರಿ ಬೂದು ಬಣ್ಣದ ಹಸಿ ಪದರವಾಗಿ ಮುಂಭಾಗಕ್ಕೆ ಅಂಟಿಕೊಂಡಿರುತ್ತದೆ; ಉಗುರಿನಿಂದ ಕೆರೆದರೆ ಸುರುಳಿಯಾಗಿ ಏಳುತ್ತದೆ. ಈ ಪದರದ ಹಿಂದೆ ಗಾಳಿ ಹಾಯದೆ ಗ್ಯಾಸಿಗೆ ಶಾಖ ಸಿಗುವುದಿಲ್ಲ, ಕೊಳವೆ ಅತಿಯಾಗಿ ತಣ್ಣಗಾಗಿ ಮೈಮೇಲೆ ಮಂಜುಗಡ್ಡೆ ಕಟ್ಟಲೂಬಹುದು. ಹಿಮ ಬೀಳುವ ದೇಶಗಳಲ್ಲಿ ಹೀಟ್ ಪಂಪಿನ ಮೇಲೆ ಮಂಜು ಕಟ್ಟುವುದು ಚಳಿಗಾಲದ ದಿನಚರಿ, ಅದನ್ನು ಕರಗಿಸಲು ಯಂತ್ರದಲ್ಲೇ ಏರ್ಪಾಡು ಇರುತ್ತದೆ. ಡಿಸೆಂಬರ್ ಬೆಳಗಿನಲ್ಲೂ 14-15 ಡಿಗ್ರಿಗಿಂತ ಕೆಳಗೆ ಅಷ್ಟಾಗಿ ಇಳಿಯದ ನಮ್ಮೂರಿನಲ್ಲಿ ಮಂಜುಗಡ್ಡೆ ಕಂಡರೆ ಅದು ಹವೆಯ ತಪ್ಪಲ್ಲ. ಫಿಲ್ಟರ್ ಮುಚ್ಚಿದೆ, ಫ್ಯಾನ್ ನಿಧಾನವಾಗಿದೆ ಅಥವಾ ಗ್ಯಾಸ್ ಕಡಿಮೆಯಾಗಿದೆ, ಈ ಮೂರರಲ್ಲಿ ಒಂದು ಕಾರಣ ಇದ್ದೇ ಇರುತ್ತದೆ. ಈ ಅನುಕ್ರಮದಲ್ಲೇ ಹುಡುಕುವುದು ಒಳ್ಳೆಯದು.

ರೆಕ್ಕೆ ತೊಳೆಯುವಾಗ ಮೊದಲು ಎಂಸಿಬಿ, ಅಂದರೆ ಯಂತ್ರಕ್ಕೆ ಕರೆಂಟು ಕಡಿಯುವ ಸ್ವಿಚ್ಚು, ಇಳಿಸಬೇಕು, ಫ್ಯಾನ್ ಪೂರ್ತಿ ನಿಲ್ಲುವವರೆಗೆ ಕಾಯಬೇಕು, ಸರ್ಕ್ಯೂಟ್ ಬೋರ್ಡ್ ಇರುವ ಡಬ್ಬಿಗೆ ಪ್ಲಾಸ್ಟಿಕ್ ಹೊದಿಸಬೇಕು. ಮೃದುವಾದ ಕೂದಲಿನ ಬ್ರಷ್ಷನ್ನು ರೆಕ್ಕೆಗಳ ಉದ್ದಕ್ಕೆ ಮಾತ್ರ ಎಳೆಯಬೇಕು, ಅಡ್ಡಡ್ಡ ತಿಕ್ಕಿದರೆ ಹಾಳೆಗಳು ಮಡಚಿಕೊಂಡು ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ. ಆಮೇಲೆ ಸ್ಪ್ರೇ ಬಾಟಲಿಯಲ್ಲಿ ಸೋಪಿನ ತಿಳಿನೀರು ಹಾಯಿಸಿ, ಸ್ವಲ್ಪ ಹೊತ್ತು ಬಿಟ್ಟು, ಒತ್ತಡವಿಲ್ಲದ ನೀರಿನಿಂದ ತೊಳೆಯಬೇಕು. ಬೈಕು ತೊಳೆಯುವ ಪ್ರೆಷರ್ ಗನ್ನನ್ನು ತಂದು ಇದಕ್ಕೆ ಹಿಡಿಯುವವರಿದ್ದಾರೆ. ಕ್ಷಣದಲ್ಲಿ ಕೊಳೆಯೂ ಹೋಗುತ್ತದೆ, ರೆಕ್ಕೆಗಳೂ ಹೋಗುತ್ತವೆ. ಅಲ್ಲಲ್ಲಿ ಬಾಗಿದ ಹಾಳೆಗಳನ್ನು ನೇರ ಮಾಡಲು ಎಸಿ ರಿಪೇರಿ ಸಾಮಾನು ಮಾರುವ ಅಂಗಡಿಗಳಲ್ಲಿ ಬಾಚಣಿಗೆಯಂಥ ಒಂದು ಉಪಕರಣ ಸಿಗುತ್ತದೆ, ಬೆಲೆಯೂ ಹೆಚ್ಚಲ್ಲ.

ಯಂತ್ರ ಉಸಿರಾಡುವ ಜಾಗವನ್ನು ಬಿಡಿಸಿ ಇಡುವುದೂ ನಿರ್ವಹಣೆಯೇ. ನಮ್ಮ ಹೀಟ್ ಪಂಪ್ ಹಿತ್ತಿಲ ವರಾಂಡದಲ್ಲಿದೆ, ಅದರ ಬಾಯಿಯಿಂದ ಬರುವ ಗಾಳಿ ತಂಪಾಗಿರುವುದನ್ನು ಕಂಡುಕೊಂಡ ಅಮ್ಮ ಬೇಸಿಗೆಯಲ್ಲಿ ಸೇವಂತಿಗೆ ಹೂವಿನ ಬುಟ್ಟಿಯನ್ನು ಅಲ್ಲೇ ಇಡುತ್ತಾರೆ. ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಮಳೆಗಾಲದಲ್ಲಿ ಒದ್ದೆ ಬಟ್ಟೆಯನ್ನು ಅದರ ಎದುರಿಗೇ ಹಗ್ಗ ಕಟ್ಟಿ ಹರವಿದಾಗ, ಹೊರಬಂದ ತಣ್ಣನೆಯ ಗಾಳಿ ಬಟ್ಟೆಗೆ ಬಡಿದು ಹಿಂದಕ್ಕೆ ಸುತ್ತಿ ಮತ್ತೆ ಯಂತ್ರದ ಒಳಗೇ ಹೋಗುತ್ತದೆ, ತಾನೇ ಬಿಟ್ಟ ತಂಪು ಗಾಳಿಯಿಂದ ಶಾಖ ಹುಡುಕುವ ಪಾಡು ಯಂತ್ರದ್ದಾಗುತ್ತದೆ. ಇದೇ ಕಾರಣಕ್ಕೆ ಕಿಟಕಿಯಿಲ್ಲದ ಸ್ಟೋರ್ ರೂಮಿನಲ್ಲಿ ಹೀಟ್ ಪಂಪ್ ಕೂರಿಸುವುದು ತರವಲ್ಲ. ಓಡಿಸುವ ಹೊತ್ತೂ ಮುಖ್ಯ: ನಸುಕಿನ ಚಳಿಯಲ್ಲಿ ಓಡಿಸುವುದಕ್ಕಿಂತ ಮಧ್ಯಾಹ್ನ ಹನ್ನೆರಡರಿಂದ ಮೂರರ ನಡುವೆ ಟೈಮರ್ ಇಟ್ಟರೆ ಗಾಳಿಯಲ್ಲೇ ಹೆಚ್ಚು ಶಾಖ ಸಿಗುತ್ತದೆ, ಟ್ಯಾಂಕಿನ ಸುತ್ತ ದಪ್ಪ ಫೋಮ್ ಇರುವುದರಿಂದ ಮಾರನೆಯ ಬೆಳಗಿನ ಹೊತ್ತಿಗೆ ನೀರು ಕೆಲವೇ ಡಿಗ್ರಿ ಇಳಿದಿರುತ್ತದೆ. ಚಿತ್ರದುರ್ಗದಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಜೋಗಿಮಟ್ಟಿಯ ಗಾಳಿಯಂತ್ರಗಳನ್ನು ತಿರುಗಿಸುವ ಆಷಾಢದ ಗಾಳಿ ಅಕ್ಕನ ಮನೆಯ ತಾರಸಿಯ ಮೇಲೂ ಬೀಸುತ್ತದೆ. ಯಂತ್ರದ ಬಾಯಿ ಗಾಳಿಗೆ ಎದುರಾಗಿದ್ದರೆ ಫ್ಯಾನಿನ ಕೆಲಸಕ್ಕೆ ಅದು ಅಡ್ಡಿ. ಅಲ್ಲಿ ಬಾಯಿಯನ್ನು ಗಾಳಿ ಹೋಗುವ ದಿಕ್ಕಿಗೆ ತಿರುಗಿಸಿ ಕೂರಿಸಿದ್ದೇವೆ.

ಮಳೆಗಾಲದಲ್ಲಿ ರೆಕ್ಕೆಗಳಿಂದ ಇಳಿಯುವ ನೀರು ಲೀಟರುಗಟ್ಟಲೆ ಆಗುತ್ತದೆ. ಅದು ಬೀಳುವ ತಟ್ಟೆಯಲ್ಲಿ ಪಾಚಿ ಕಟ್ಟಿ ಕೊಳವೆ ಮುಚ್ಚಿದರೆ ನೀರು ಯಂತ್ರದೊಳಗೇ ನಿಂತು ಕಬ್ಬಿಣದ ತಳ ತುಕ್ಕು ಹಿಡಿಯುತ್ತದೆ, ಸೊಳ್ಳೆಗೂ ಮನೆ ಮಾಡಿಕೊಟ್ಟಂತಾಗುತ್ತದೆ. ಮುಂಗಾರಿಗೆ ಮೊದಲು ತಟ್ಟೆಗೆ ಒಂದು ಚೊಂಬು ನೀರು ಸುರಿದು ಅದು ಸರಾಗವಾಗಿ ಹೊರಗೆ ಹರಿಯುವುದನ್ನು ನೋಡಿಕೊಂಡರೆ ಸಾಕು. ಈ ನೀರನ್ನು ಇನ್ವರ್ಟರ್ ಬ್ಯಾಟರಿಗೆ ಹಾಕಬಹುದೆಂದು ಹೇಳುವವರು ಬಹಳ ಜನ, ಹಾಕಬಾರದು. ಅದರಲ್ಲಿ ಬೋರ್ ನೀರಿನ ಉಪ್ಪಿನಂಶ ಇರುವುದಿಲ್ಲವೆಂಬುದು ನಿಜವಾದರೂ ರೆಕ್ಕೆಯ ಮೇಲಿನ ಧೂಳು, ಲೋಹದ ಅಂಶಗಳನ್ನೆಲ್ಲ ತೊಳೆದುಕೊಂಡೇ ಅದು ಇಳಿಯುತ್ತದೆ. ನೆಲ ಒರೆಸಲು ಅಡ್ಡಿಯಿಲ್ಲ.

ಚಿತ್ರದುರ್ಗದ ಯಂತ್ರದ ಕಥೆ ಬೇರೆ. ನಮ್ಮ ಕಡೆ ತುಂಗಭದ್ರೆಯ ನೀರೋ ಭದ್ರಾ ನಾಲೆಯಿಂದ ತುಂಬಿಸಿಕೊಂಡ ಕುಂದವಾಡ ಕೆರೆಯ ನೀರೋ ನಲ್ಲಿಗೆ ಬರುತ್ತದೆ, ಅದು ತಕ್ಕಮಟ್ಟಿಗೆ ಮೆದು ನೀರು. ಅಕ್ಕನ ಮನೆಯಲ್ಲಿ ವಾಣಿವಿಲಾಸ ಸಾಗರದ ಅಥವಾ ಶಾಂತಿಸಾಗರದ ನೀರು ನಲ್ಲಿಯಲ್ಲಿ ಬಂದ ದಿನ ಅದು ಕುಡಿಯಲು, ಅಡುಗೆಗೆ ಹೋಗುತ್ತದೆ. ತಾರಸಿಯ ಟ್ಯಾಂಕಿಗೆ ಏರುವುದು ಬೋರಿನ ನೀರೇ. ಕುಡಿಯುವ ನೀರಿನ ಗಡಸುತನಕ್ಕೆ ಭಾರತೀಯ ಮಾನಕ ಐಎಸ್ 10500 ಹೇಳುವ ಅಪೇಕ್ಷಣೀಯ ಮಿತಿ ಲೀಟರಿಗೆ 200 ಮಿಲಿಗ್ರಾಂ, ಬೇರೆ ನೀರಿನ ಮೂಲ ಇಲ್ಲದಿದ್ದರೆ ಸಹಿಸಿಕೊಳ್ಳಬಹುದಾದ ಮಿತಿ 600. ಆ ಬೋರಿನ ನೀರು ಮೊದಲನೆಯ ಮಿತಿಯನ್ನು ಎಂದೋ ದಾಟಿರುವಂಥದ್ದು. ಸೋಪು ನೊರೆ ಬರುವುದಿಲ್ಲ, ಬಚ್ಚಲ ನಲ್ಲಿಯ ಮೂತಿಗೆ ಬಿಳಿ ಕಟ್ಟಿರುತ್ತದೆ. ಇಂಥ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಬಿಸಿಯಾದಾಗ ಒಡೆದು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಕೆಳಗೆ ಕೂರುತ್ತದೆ. ಹಿಂದೆ ಬಚ್ಚಲೊಲೆಯ ತಾಮ್ರದ ಹಂಡೆಯ ತಳದಲ್ಲಿ ಬೆರಳು ದಪ್ಪ ಕಟ್ಟುತ್ತಿದ್ದ ಸುಣ್ಣ ಇದೇ. ಹಂಡೆಯ ಒಳಗೆ ಕೈ ಹಾಕಿ ಉಜ್ಜಬಹುದಿತ್ತು, ಹೀಟ್ ಪಂಪಿನ ಟ್ಯಾಂಕಿನಲ್ಲಿ ಅದು ಆಗುವುದಿಲ್ಲ.

ಆದ್ದರಿಂದ ಅಲ್ಲಿ ತಿಂಗಳಿಗೊಮ್ಮೆ ತಳದ ಡ್ರೈನ್ ವಾಲ್ವಿನಿಂದ ಹದಿನೈದು ಇಪ್ಪತ್ತು ಲೀಟರ್ ನೀರನ್ನು ಹೊರಗೆ ಬಿಡುತ್ತೇವೆ. ಎಂಸಿಬಿ ಇಳಿಸಿ, ಡ್ರೈನಿಗೆ ಪೈಪು ಸಿಕ್ಕಿಸಿ, ತಣ್ಣೀರಿನ ಒಳದಾರಿಯನ್ನು ತೆರೆದಿಟ್ಟುಕೊಂಡೇ ವಾಲ್ವ್ ತಿರುಗಿಸಿದರೆ ಒಳಬರುವ ನೀರಿನ ರಭಸಕ್ಕೆ ತಳದ ಗಸಿ ಎದ್ದು ಹೊರಬರುತ್ತದೆ. ಬಕೆಟ್ಟಿನಲ್ಲಿ ಹಿಡಿದು ನೋಡಿದರೆ ಮೊದಲು ಸುಣ್ಣದ ತಿಳಿಯಂಥ ಮಬ್ಬು ನೀರು, ಅದರ ಹಿಂದೆ ಅಕ್ಕಿ ನುಚ್ಚಿನ ಗಾತ್ರದ ಬಿಳಿ ಚೂರುಗಳು. ನೀರು ತಿಳಿಯಾದ ಮೇಲೆ ನಿಲ್ಲಿಸಬಹುದು. ನೀರು ಸುಡುವಷ್ಟು ಬಿಸಿ ಇರುವುದರಿಂದ ಮಕ್ಕಳನ್ನು ದೂರವಿಡಬೇಕು. ವರ್ಷಕ್ಕೊಮ್ಮೆ ಪೂರ್ತಿ ಖಾಲಿ ಮಾಡುವುದಾದರೆ ಒಳದಾರಿ ಮುಚ್ಚಿ, ಗಾಳಿ ಸೇರಲು ಬಚ್ಚಲ ಬಿಸಿನೀರಿನ ನಲ್ಲಿ ತೆರೆದಿಡಬೇಕು; ಮತ್ತೆ ತುಂಬಿದ ಮೇಲೆ ಅದೇ ನಲ್ಲಿಯಲ್ಲಿ ಗಾಳಿಯ ಸದ್ದಿಲ್ಲದೆ ನೀರು ಧಾರೆಯಾಗಿ ಬರುವವರೆಗೆ ಎಂಸಿಬಿ ಏರಿಸಲೇಬಾರದು. ಬರಿದಾದ ಟ್ಯಾಂಕಿನಲ್ಲಿ ಬ್ಯಾಕಪ್ ಕಾಯಿಲ್ ಉರಿದರೆ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಸುಣ್ಣ ಕರಗಿಸಲು ಶೌಚಾಲಯ ತೊಳೆಯುವ ಆ್ಯಸಿಡ್ಡನ್ನು ಟ್ಯಾಂಕಿಗೆ ಸುರಿಯುವ ಸಲಹೆಯನ್ನು ಭಾವನಿಗೆ ಯಾರೋ ಕೊಟ್ಟಿದ್ದರು. ಅದು ಸುಣ್ಣದ ಜೊತೆಗೆ ಲೋಹವನ್ನೂ ತಿನ್ನುತ್ತದೆ. ಕಾಯಿಲನ್ನು ಬಿಚ್ಚಿ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ನೆನೆಹಾಕಿದರೆ ಸುಣ್ಣ ತಾನಾಗಿ ಬಿಡುತ್ತದೆ. ಅಂಗಡಿಯಲ್ಲಿ ಕೇಳಿದರೆ ಸಿಗುವ ಈ ನಿಂಬೆ ಉಪ್ಪು ಎಂದರೆ ಸಿಟ್ರಿಕ್ ಆ್ಯಸಿಡ್.

ಬೋರ್ ನೀರಿನ ಮನೆಗಳಲ್ಲಿ ಸುಣ್ಣಕ್ಕಿಂತಲೂ ಹೆಚ್ಚು ಗಮನ ಬೇಡುವುದು ಆನೋಡ್ ಸರಳು. ಟ್ಯಾಂಕಿನ ಒಳಗೋಡೆ ಗಾಜಿನ ಲೇಪನವಿರುವ ಉಕ್ಕು. ಲೇಪನದಲ್ಲಿ ಎಲ್ಲಾದರೂ ಸೂಜಿಮೊನೆಯಷ್ಟು ಬಿರುಕಿದ್ದರೆ ಉಕ್ಕು ತುಕ್ಕು ಹಿಡಿಯಬೇಕು. ಹಾಗಾಗದಿರಲೆಂದು ಉಕ್ಕಿಗಿಂತ ಬೇಗ ಕರಗುವ ಮೆಗ್ನೀಸಿಯಂ ಸರಳೊಂದನ್ನು ಒಳಗೆ ಇಳಿಬಿಟ್ಟಿರುತ್ತಾರೆ, ಅದು ತಾನು ಸವೆದು ಟ್ಯಾಂಕನ್ನು ಉಳಿಸುತ್ತದೆ. ನೀರಿನಲ್ಲಿ ಲವಣ ಹೆಚ್ಚಿದ್ದಷ್ಟೂ ವಿದ್ಯುತ್ ಸಲೀಸಾಗಿ ಹರಿದು ಸರಳು ಬೇಗ ಸವೆಯುತ್ತದೆ. ನಮ್ಮ ಮನೆಯ ಸರಳನ್ನು ತೆಗೆದು ನೋಡಿದಾಗ ಮೈ ತುಸು ಒರಟಾಗಿತ್ತು, ಅಷ್ಟೇ. ಅದೇ ವಯಸ್ಸಿನ ಅಕ್ಕನ ಮನೆಯ ಸರಳು ಅಲ್ಲಲ್ಲಿ ಪೂರ್ತಿ ತಿಂದುಹೋಗಿ ನಡುವಿನ ಉಕ್ಕಿನ ತಂತಿ ಕಾಣುತ್ತಿತ್ತು. ತಂತಿ ಕಂಡಿತೆಂದರೆ ಮರುಮಾತಿಲ್ಲದೆ ಬದಲಿಸಬೇಕು. ಅಲ್ಲಿ ಆರು ತಿಂಗಳಿಗೊಮ್ಮೆ, ಇಲ್ಲಿ ವರ್ಷಕ್ಕೊಮ್ಮೆ ನೋಡುವುದೆಂದು ಗೊತ್ತುಮಾಡಿಕೊಂಡಿದ್ದೇವೆ. ಗಡಸು ನೀರಿಗೆ ಸಾಫ್ಟನರ್ ಹಾಕಿಸಿದರೆ ಈ ಗೋಜಿಲ್ಲವೆಂದು ತಿಳಿಯಬಾರದು. ಸುಣ್ಣ ಕಡಿಮೆಯಾಗುವುದು ನಿಜ, ಆದರೆ ಕ್ಯಾಲ್ಸಿಯಂ ಜಾಗದಲ್ಲಿ ಸೋಡಿಯಂ ಬಂದ ನೀರಿನಲ್ಲಿ ಆನೋಡ್ ಇನ್ನೂ ಬೇಗ ಕರಗುತ್ತದೆ. ಹೊಸದಾಗಿ ಯಂತ್ರ ಕೂರಿಸುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಸರಳು ಹೆಚ್ಚುಕಡಿಮೆ ಟ್ಯಾಂಕಿನಷ್ಟೇ ಉದ್ದವಿರುವುದರಿಂದ ಅದನ್ನು ಮೇಲಕ್ಕೆ ಎಳೆಯಲು ಅಷ್ಟೇ ಎತ್ತರದ ಜಾಗ ಬೇಕು. ಅಕ್ಕನ ಮನೆಯಲ್ಲಿ ಪ್ಲಂಬರ್ ಟ್ಯಾಂಕನ್ನು ಸರಿಯಾಗಿ ಸಜ್ಜೆಯ ಕೆಳಗೆ ನಿಲ್ಲಿಸಿದ್ದರಿಂದ, ಸರಳು ಅರ್ಧ ಬಂದು ಕಾಂಕ್ರೀಟಿಗೆ ತಾಗಿ ನಿಂತಿತು. ಹಳೆಯದನ್ನು ಕತ್ತರಿಸಿ ತೆಗೆದು, ಗೆಣ್ಣುಗೆಣ್ಣಾಗಿ ಮಡಚುವ ತುಂಡು ಆನೋಡನ್ನು ತರಿಸಿ ಹಾಕಿಸಿದ್ದಾಯಿತು.

ಎಷ್ಟು ಡಿಗ್ರಿಗೆ ಇಡಬೇಕೆಂಬ ಪ್ರಶ್ನೆಗೆ ನನ್ನ ಉತ್ತರ 55. ಉಷ್ಣತೆ ಏರಿದಷ್ಟೂ ಸುಣ್ಣ ಹೆಚ್ಚು ಕೂರುತ್ತದೆ, ಕಂಪ್ರೆಸರಿನ ಮೇಲೆ ಹೊರೆ ಹೆಚ್ಚುತ್ತದೆ, ಅರವತ್ತರ ನೀರು ಕೆಲವೇ ಸೆಕೆಂಡುಗಳಲ್ಲಿ ಚರ್ಮ ಸುಡುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಇದನ್ನು ಮರೆಯುವಂತಿಲ್ಲ. ಹಾಗೆಂದು ಉಳಿತಾಯದ ಆಸೆಗೆ 40-45ಕ್ಕೆ ಇಳಿಸುವುದೂ ಸರಿಯಲ್ಲ, ಏಕೆಂದರೆ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನಿಂತ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ವಾರಕ್ಕೊಮ್ಮೆ 60 ದಾಟಿಸುವ ಸೌಲಭ್ಯ ಹೆಚ್ಚಿನ ಯಂತ್ರಗಳಲ್ಲಿದೆ. ನಾವು ಅದನ್ನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟಿದ್ದೇವೆ.

ಇನ್ನು ಗ್ಯಾಸಿನ ಮಾತು. ಒಂದು ಬೇಸಿಗೆಯಲ್ಲಿ ನಮ್ಮ ಮನೆಗೆ ಸರ್ವೀಸಿಗೆಂದು ಬಂದ ಹುಡುಗ ಫಿಲ್ಟರನ್ನೂ ಬಿಚ್ಚದೆ, ಮೀಟರನ್ನೂ ನೋಡದೆ, ‘ಗ್ಯಾಸ್ ಕಡಿಮೆ ಆಗೈತಿ ಸಾರ್, ಒಂದ್ಸಲ ತುಂಬಿಸಿಬಿಡಾಣ’ ಎಂದ. ನೀರು ಕಾಯಲು ತಡವಾಗುತ್ತಿದೆ ಎಂದು ಹೇಳಿದ ಎಲ್ಲರಿಗೂ ಇದೇ ಔಷಧ. ಈ ಗ್ಯಾಸು ಸಿಲಿಂಡರಿನ ಗ್ಯಾಸಿನಂತೆ ಉರಿದು ತೀರುವಂಥದ್ದಲ್ಲ. ಬೆಸುಗೆ ಹಾಕಿ ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ವರ್ಷಗಟ್ಟಲೆ ಸುತ್ತುತ್ತಿರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲೋ ಸೋರಿದೆ ಎಂದೇ ಅರ್ಥ, ಸೋರುವ ಜಾಗವನ್ನು ಮುಚ್ಚದೆ ತುಂಬಿಸಿದ್ದು ಕೆಲವು ತಿಂಗಳಲ್ಲಿ ಮತ್ತೆ ಹೋಗುತ್ತದೆ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸ್ವಲ್ಪ ಹೊರಬರುವುದರಿಂದ ಸೋರಿದ ಕಡೆ ಜಿಡ್ಡಿನ ಕಲೆಗೆ ಧೂಳು ಅಂಟಿ ಕಪ್ಪಾಗಿರುತ್ತದೆ; ಅಲ್ಲಿ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುತ್ತದೆ. ಸರಿಯಾದ ಕೆಲಸಗಾರ ಸೋರಿಕೆಗೆ ಬೆಸುಗೆ ಹಾಕಿ, ನೈಟ್ರೋಜನ್ ಒತ್ತಡದಲ್ಲಿ ಪರೀಕ್ಷಿಸಿ, ವ್ಯಾಕ್ಯೂಮ್ ಪಂಪಿನಿಂದ ಗಾಳಿ ತೇವಗಳನ್ನು ಎಳೆದು, ಯಂತ್ರದ ಫಲಕದ ಮೇಲೆ ಬರೆದಿರುವ ತೂಕದಷ್ಟೇ ಗ್ಯಾಸನ್ನು ತಕ್ಕಡಿಯಲ್ಲಿ ತೂಗಿ ತುಂಬುತ್ತಾನೆ. ತಕ್ಕಡಿಯೂ ವ್ಯಾಕ್ಯೂಮ್ ಪಂಪೂ ಇಲ್ಲದೆ ಬಂದವನಿಗೆ ಚಹಾ ಕೊಟ್ಟು ಕಳಿಸಬಹುದು. ಫಲಕದಲ್ಲಿ ಆರ್32 ಎಂದಿದ್ದರೆ ಆ ಗ್ಯಾಸಿಗೆ ಅಷ್ಟಿಷ್ಟು ಹೊತ್ತಿಕೊಳ್ಳುವ ಗುಣವಿರುವುದರಿಂದ ಬೆಸುಗೆಗೆ ಮೊದಲು ಅದನ್ನು ಪೂರ್ತಿ ತೆಗೆದಿರಬೇಕು. ಆರ್134ಎ ಹೊತ್ತಿಕೊಳ್ಳುವುದಿಲ್ಲ, ಆದರೆ ಗಾಳಿಗೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 1,400 ಪಟ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ಇಂಥ ಅನಿಲಗಳನ್ನು ಹಂತಹಂತವಾಗಿ ಇಳಿಸುವ ಮಾಂಟ್ರಿಯಲ್ ಒಪ್ಪಂದದ 2016ರ ಕಿಗಾಲಿ ತಿದ್ದುಪಡಿಯನ್ನು ಭಾರತವೂ 2021ರಲ್ಲಿ ಅನುಮೋದಿಸಿದೆ. ಅಂದಹಾಗೆ, ಆ ದಿನ ನಮ್ಮ ಯಂತ್ರಕ್ಕೆ ಆಗಿದ್ದದ್ದು ರೆಕ್ಕೆಗಳಿಗೆ ಕಟ್ಟಿದ ಮೆಕ್ಕೆಜೋಳದ ಹೊಟ್ಟು.

ವಿದ್ಯುತ್ತಿನ ಕಡೆ ನೋಡುವುದು ಕೆಲವೇ ಸಂಗತಿ. ಕರೆಂಟು ಹೋಗಿ ಬಂದಾಗ ಕಂಪ್ರೆಸರ್ ತಕ್ಷಣ ಶುರುವಾಗದಂತೆ ಕೆಲವು ನಿಮಿಷದ ತಡೆ ಯಂತ್ರದಲ್ಲೇ ಇರುತ್ತದೆ, ಹಾಗಾಗಿ ‘ಓಡ್ತಾ ಇಲ್ಲ’ ಎಂದು ಸ್ವಿಚ್ಚನ್ನು ಮತ್ತೆ ಮತ್ತೆ ಒತ್ತುವುದು ಬೇಡ. ಬೇಸಿಗೆಯಲ್ಲಿ ವೋಲ್ಟೇಜ್ ಬಿದ್ದುಹೋಗುವ ಬಡಾವಣೆಗಳಲ್ಲಿ ಸ್ಟೆಬಿಲೈಸರ್ ಬೇಕೇಬೇಕು. ಅರ್ಥಿಂಗ್ ಗುಂಡಿ ನಮ್ಮ ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ, ಒಣಮಣ್ಣಿನಲ್ಲಿ ಅರ್ಥಿಂಗ್ ಇದ್ದೂ ಇಲ್ಲದಂತೆ. ಗಿಡಕ್ಕೆ ನೀರು ಹಾಕುವಾಗ ಅದಕ್ಕೂ ಎರಡು ಬಕೆಟ್ ಸುರಿಯಬೇಕು, ಕರೆಂಟು ಸೋರಿದರೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯ ಟೆಸ್ಟ್ ಗುಂಡಿಯನ್ನು ಆಗಾಗ ಒತ್ತಿ ನೋಡಬೇಕು. ಕೈಪಿಡಿಯಲ್ಲಿ ಇಲ್ಲದ ಶತ್ರುಗಳೆಂದರೆ ಹಲ್ಲಿ ಮತ್ತು ಇರುವೆ. ಬೆಚ್ಚಗಿರುವ ಸರ್ಕ್ಯೂಟ್ ಬೋರ್ಡಿನ ಡಬ್ಬಿ ಅವಕ್ಕೆ ಬಹಳ ಇಷ್ಟ. ಒಮ್ಮೆ ಅಕ್ಕನ ಮನೆಯ ಯಂತ್ರ ಏಕಾಏಕಿ ನಿಂತಾಗ ಮುಚ್ಚಳ ತೆಗೆದು ನೋಡಿದರೆ ಎರಡು ತುದಿಗಳ ನಡುವೆ ಅಡ್ಡಲಾಗಿ ಸುಟ್ಟು ಸೆಟೆದ ಹಲ್ಲಿಮರಿ. ಬೋರ್ಡಿನ ಬೆಲೆ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ ಸೇರಿರಲಿಲ್ಲ. ತಂತಿ ಒಳಹೋಗುವ ರಂಧ್ರಗಳಿಗೆ ರಬ್ಬರ್ ಬುಷ್ ಹಾಕಿ, ಉಳಿದ ಸಂದಿಗೆ ಸಣ್ಣ ಜಾಲರಿ ಹೊಡೆಸಿದ ಮೇಲೆ ಆ ಕಾಟ ನಿಂತಿದೆ.

ದೊಡ್ಡ ಶುಚಿಯ ಕೆಲಸಗಳಿಗೆ ನಾವು ದೀಪಾವಳಿಯ ನೀರು ತುಂಬುವ ಹಬ್ಬದ ಹಿಂದಿನ ವಾರವನ್ನು ಇಟ್ಟುಕೊಂಡಿದ್ದೇವೆ. ಹಂಡೆ ತಿಕ್ಕಿ ತೊಳೆದು ಹೊಸ ನೀರು ತುಂಬುವ ವಾಡಿಕೆ ಮನೆಯಲ್ಲಿ ಹೇಗೂ ಇದೆ, ಟ್ಯಾಂಕ್ ಖಾಲಿ ಮಾಡಿ ಆನೋಡ್ ನೋಡುವುದಕ್ಕೂ ಅದೇ ಹೊತ್ತು ಹೊಂದುತ್ತದೆ, ಮುಂದೆ ಬರುವ ಚಳಿಗೆ ಯಂತ್ರವೂ ಸಿದ್ಧವಾಗಿರುತ್ತದೆ. ರೆಕ್ಕೆಗಳನ್ನು ಮಾತ್ರ ಸುಗ್ಗಿಯ ಧೂಳು ಮುಗಿದ ಮೇಲೆ ಇನ್ನೊಮ್ಮೆ ತೊಳೆಯಬೇಕು. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಗೆ ಮನೆತುಂಬ ನೆಂಟರು ಬಂದಾಗ 200 ಲೀಟರ್ ಯಾವ ಮೂಲೆಗೂ ಸಾಲುವುದಿಲ್ಲ; ಆ ಕೆಲವು ದಿನ ಬ್ಯಾಕಪ್ ಕಾಯಿಲನ್ನು ನಾವಾಗಿಯೇ ಹಾಕಿಕೊಳ್ಳುತ್ತೇವೆ. ಅದಕ್ಕೆ ಮೊದಲು ಸೇಫ್ಟಿ ವಾಲ್ವಿನ ಚಿಕ್ಕ ಹಿಡಿಕೆಯನ್ನು ಒಮ್ಮೆ ಎತ್ತಿ ನೀರು ಹೊರಬಂದು, ಬಿಟ್ಟಾಗ ಪೂರ್ತಿ ನಿಲ್ಲುವುದನ್ನು ಖಚಿತಪಡಿಸಿಕೊಳ್ಳುತ್ತೇನೆ. ಗಡಸು ನೀರಿನ ಮನೆಗಳಲ್ಲಿ ಈ ವಾಲ್ವ್ ಸುಣ್ಣ ಹಿಡಿದು ಬಿಗಿದುಕೊಳ್ಳುವುದು ಸಾಮಾನ್ಯ, ಬಿಗಿದುಕೊಂಡ ವಾಲ್ವನ್ನು ಬಡಿದು ಸಡಿಲಿಸಲು ಹೋಗದೆ ಹೊಸದನ್ನೇ ಹಾಕಿಸಬೇಕು.

ಬೇಸಿಗೆ ರಜೆಗೆ ಊರು ಬಿಟ್ಟು ಎರಡು ವಾರಕ್ಕಿಂತ ಹೆಚ್ಚು ಹೋಗುವವರು ಎಂಸಿಬಿ ಇಳಿಸಿ, ಟ್ಯಾಂಕಿಗೆ ನೀರು ಬರುವ ವಾಲ್ವ್ ಮುಚ್ಚಿ ಹೋಗಬೇಕು. ಬಳಸದೆ ಅಷ್ಟು ದಿನ ನಿಂತ ಟ್ಯಾಂಕಿನಲ್ಲಿ ಆನೋಡ್ ಸವೆಯುವಾಗ ಹುಟ್ಟುವ ಹೈಡ್ರೋಜನ್ ಮೇಲ್ಭಾಗದಲ್ಲಿ ಸೇರಿಕೊಂಡಿರಬಹುದು. ಬಂದ ಮೇಲೆ ಮೊದಲು ಬಚ್ಚಲ ಕಿಟಕಿ ತೆರೆದು, ದೀಪ ಬೆಂಕಿ ಹತ್ತಿರ ತರದೆ, ನೀರಿನ ವಾಲ್ವ್ ತೆಗೆದು, ಬಿಸಿನೀರಿನ ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು, ಬುಸುಗುಟ್ಟುವ ಸದ್ದು ಪೂರ್ತಿ ನಿಂತ ಮೇಲೆಯೇ ಯಂತ್ರವನ್ನು ಚಾಲೂ ಮಾಡಬೇಕು.